ಬಾಸ್ ಬಂದ ಕೂಡಲೇ ಮಾತು ನಿಲ್ಲುವುದು ಯಾಕೆ?

ಪ್ರಶ್ನೆ: ಬೆಳ್ಳಂದೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಟೀಮಿನಲ್ಲಿ ಹದಿನಾಲ್ಕು ಜನ. ಎರಡು ವರ್ಷದ ಹಿಂದೆ ನಾನೂ ಅವರ ಜೊತೆಗೇ ಕೂತು ಕೆಲಸ ಮಾಡುತ್ತಿದ್ದವಳು. ಯಾರ ಮೇಲೂ ರೇಗುವುದಿಲ್ಲ. ರಜೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತೇನೆ. ಆದರೂ ನಾನು ಪ್ಯಾಂಟ್ರಿಗೆ ಹೋದ ಕೂಡಲೇ ಮಾತು ನಿಲ್ಲುತ್ತದೆ. ನಾನಿಲ್ಲದ ಒಂದು ವಾಟ್ಸಾಪ್ ಗ್ರೂಪ್ ಇದೆ ಅಂತಲೂ ಗೊತ್ತಾಗಿದೆ. ಕ್ಯಾಬ್ ಸರಿಯಿಲ್ಲ, ಎಸಿ ಜಾಸ್ತಿ, ಕಾಫಿ ಚೆನ್ನಾಗಿಲ್ಲ, ಮೀಟಿಂಗ್ ಸಾಕಾಯ್ತು ಅಂತ ದಿನಾ ಒಂದು ದೂರು. ಒಳ್ಳೆಯ ಸಂಬಳ ಸಿಗುವ ಕಡೆಯೂ ಜನ ಯಾಕೆ ಹೀಗೆ ಗೊಣಗುತ್ತಾರೆ? ತಪ್ಪು ನನ್ನದಾ, ಅಥವಾ ಇದು ಬರೀ ಅಭ್ಯಾಸವಾ?

ಉತ್ತರ: ನೀವು ಬರೆದಿರುವ ದೂರುಗಳನ್ನೇ ಇನ್ನೊಮ್ಮೆ ನೋಡಿ. ಕ್ಯಾಬ್, ಎಸಿ, ಕಾಫಿ, ಮೀಟಿಂಗ್. ಇವುಗಳಲ್ಲಿ ಯಾವುದಕ್ಕೂ ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿಲ್ಲ. ಗಟ್ಟಿಯಾಗಿ ಹೇಳಿದರೂ ಯಾರಿಗೂ ನಷ್ಟವಿಲ್ಲ. ಹಾಗಾಗಿಯೇ ಅವು ಹೊರಗೆ ಬರುತ್ತಿವೆ. ನೀವು ಬಂದಾಗ ನಿಂತು ಹೋಗುವ ಮಾತು ಕಾಫಿಯದ್ದಲ್ಲ. ಕಾಫಿಯದ್ದಾಗಿದ್ದರೆ ನಿಮ್ಮ ಮುಂದೆಯೂ ಮುಂದುವರಿಯುತ್ತಿತ್ತು, ಅಲ್ವಾ?

ಕೆಲಸದ ಜಾಗದ ದೂರುಗಳನ್ನು ಕೇಳುವುದೇ ನನ್ನ ಉದ್ಯೋಗ. ಮೊದಲು ಕಾರ್ಖಾನೆಗಳಲ್ಲಿ, ಆಮೇಲೆ ಐಟಿ ಕಂಪನಿಗಳಲ್ಲಿ ಕೇಳಿದ್ದೇನೆ. ನನಗೆ ಕಂಡಿದ್ದು ಇಷ್ಟು. ಜನ ತಮಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದನ್ನು ಮೊದಲು ಹೇಳುವುದಿಲ್ಲ. ಹೇಳಲು ಹೆದರಿಕೆಯಿಲ್ಲದ್ದನ್ನು ಮೊದಲು ಹೇಳುತ್ತಾರೆ. ಅದರ ಅಡಿಯಲ್ಲಿ ಇನ್ನೊಂದು ದೂರು ಇರುತ್ತದೆ. ಅದು ಹೆಚ್ಚಾಗಿ ಒಂದೇ ಬಗೆಯದು: ‘ನನ್ನ ಬಗ್ಗೆ ಏನೋ ತೀರ್ಮಾನವಾಯಿತು. ಯಾಕೆ, ಹೇಗೆ ಅಂತ ಯಾರೂ ಹೇಳಲಿಲ್ಲ.’

ಇದು ಹೊಸ ತಿಳಿವಳಿಕೆಯಲ್ಲ. ಷಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ಜಾಗ. 1928ರಿಂದ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಕೂರಿಸಿಕೊಂಡು ಮಾತಾಡಿಸಿದರು. ಮೊದಮೊದಲು ಸಿದ್ಧ ಪ್ರಶ್ನೆಗಳನ್ನು ಹಿಡಿದುಕೊಂಡು ಹೋಗಿದ್ದರು. ಜನ ಆ ಪ್ರಶ್ನೆ ಬಿಟ್ಟು ಬೇರೆ ಏನನ್ನೋ ಹೇಳಲು ಶುರು ಮಾಡಿದರು. ಕೊನೆಗೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಅವರು ಹೇಳಿದ್ದನ್ನೇ ಕೇಳಿಸಿಕೊಳ್ಳುವ ರೂಢಿ ಮಾಡಿಕೊಂಡರು. ಸಂಶೋಧಕ ಎಲ್ಟನ್ ಮೇಯೋ ಮತ್ತು ಅವರ ಜೊತೆಗಾರರು ಆ ಮಾತುಗಳಿಂದ ಕಂಡುಕೊಂಡ ಸಂಗತಿ ಇವತ್ತಿಗೂ ಹಳೆಯದಾಗಿಲ್ಲ. ದೂರಿಗೆ ಮೇಲೆ ಕಾಣುವ ವಿಷಯ ಒಂದಿರುತ್ತದೆ, ಒಳಗಿನ ವಿಷಯ ಇನ್ನೊಂದಿರುತ್ತದೆ.

ನಮ್ಮಲ್ಲಿ ಇದನ್ನು ಎಷ್ಟೋ ಹಿಂದೆಯೇ ಹೇಳಿಬಿಟ್ಟಿದ್ದಾರೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನಿದ್ದಾಗ ದೂರೆಲ್ಲ ಕ್ಯಾಂಟೀನ್ ಸಾಂಬಾರಿನ ಮೇಲೆ ಇತ್ತು. ಸಾಂಬಾರು ನೀರಾಗಿದ್ದದ್ದು ನಿಜ. ಕಾಂಟ್ರಾಕ್ಟರ್‌ನನ್ನು ಬದಲಾಯಿಸಿದೆವು. ಹೊಸಬರ ಸಾಂಬಾರು ಚೆನ್ನಾಗಿತ್ತು, ದೂರು ಮಾತ್ರ ನಿಲ್ಲಲಿಲ್ಲ. ಈಗ ಅನ್ನ ಗಟ್ಟಿ, ಮಜ್ಜಿಗೆ ಹುಳಿ ಅಂತ ಶುರುವಾಯಿತು. ಆಮೇಲೆ ಗೊತ್ತಾಗಿದ್ದು, ಭಾನುವಾರದ ಓವರ್‌ಟೈಮ್ ಯಾರಿಗೆ ಸಿಗಬೇಕು ಅನ್ನುವುದನ್ನು ಒಬ್ಬ ಸೂಪರ್‌ವೈಸರ್ ತನ್ನ ಜೇಬಿನ ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ಎರಡು ಪಟ್ಟು ಸಂಬಳ. ಮಕ್ಕಳ ಫೀಸು ಕಟ್ಟುವ ತಿಂಗಳಲ್ಲಿ ಅದು ದೊಡ್ಡ ದುಡ್ಡು. ಆ ನೋಟ್‌ಬುಕ್ಕಿನಲ್ಲಿ ಹೆಸರು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಮುಂದಿನ ಭಾನುವಾರ ತಮ್ಮ ಹೆಸರೇ ಇರುವುದಿಲ್ಲ ಅನ್ನುವ ಭಯ. ಬಡವನ ಕೋಪ ದವಡೆಗೆ ಮೂಲ ಅನ್ನುವುದು ಇಂಥ ಕಡೆಯೇ. ಸರದಿ ಪಟ್ಟಿ ಮಾಡಿ ಟೈಮ್ ಆಫೀಸ್ ಪಕ್ಕದ ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ಜಗಳ ನಿಂತಿತು ಅಂತ ಹೇಳಲಾರೆ. ಪಟ್ಟಿ ಬಗ್ಗೆಯೇ ಜಗಳ ಶುರುವಾಯಿತು, ಅದೂ ಬೋರ್ಡಿನ ಮುಂದೆ, ಎಲ್ಲರ ಎದುರು. ಅಷ್ಟಾದದ್ದೇ ದೊಡ್ಡದು. ಮೊದಲ ಬಾರಿಗೆ ನಿಜವಾದ ದೂರು ಬಾಯಿಗೆ ಬಂದಿತ್ತು.

ಈಗ ಸಂಬಳದ ಮಾತಿಗೆ ಬರೋಣ. ‘ಒಳ್ಳೆಯ ಸಂಬಳ ಸಿಗುವ ಕಡೆಯೂ’ ಅಂತ ಬರೆದಿದ್ದೀರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ವಿಷಯ ಮುಂದಿಟ್ಟರು. ಕೆಲಸದಲ್ಲಿ ಖುಷಿ ಕೊಡುವ ಸಂಗತಿಗಳು ಬೇರೆ, ಬೇಸರ ತರುವ ಸಂಗತಿಗಳು ಬೇರೆ. ಖುಷಿ ಬರುವುದು ಏನನ್ನೋ ಮಾಡಿ ಮುಗಿಸಿದೆ ಅನ್ನುವುದರಿಂದ, ಅದನ್ನು ಯಾರೋ ಗುರುತಿಸಿದರು ಅನ್ನುವುದರಿಂದ, ಕೆಲಸದಿಂದಲೇ. ಬೇಸರ ಬರುವುದು ಕಂಪನಿಯ ನಿಯಮಗಳಿಂದ, ಮೇಲಿನವರು ನಡೆಸಿಕೊಳ್ಳುವ ರೀತಿಯಿಂದ, ಸಂಬಳದಿಂದ. ಸಂಬಳ ಸಾಲದಿದ್ದರೆ ಜನ ಸಿಟ್ಟಾಗುತ್ತಾರೆ. ಸಾಕಷ್ಟು ಕೊಟ್ಟರೆ ಆ ಸಿಟ್ಟು ಇಳಿಯುತ್ತದೆ, ಅಷ್ಟೇ. ಕೆಲಸ ಹಿಡಿಸುವಂತೆ ಮಾಡುವ ಶಕ್ತಿ ಅದಕ್ಕಿಲ್ಲ. ಹರ್ಜ್‌ಬರ್ಗ್ ಅವರ ವಿಂಗಡಣೆಯನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ. ಒಳ್ಳೆಯದಾದರೆ ನಾನು ಮಾಡಿದೆ, ಕೆಟ್ಟದ್ದಾದರೆ ಆಫೀಸಿನ ತಪ್ಪು ಅಂತ ಹೇಳುವುದು ಮನುಷ್ಯನ ಗುಣ ಅನ್ನುವುದು ಹಾಗೆ ಪ್ರಶ್ನಿಸಿದವರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ನಿಮ್ಮ ಕೇಕ್ ಯಾಕೆ ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕೇಕ್ ಬೇಡ ಅಂತಲ್ಲ. ಅವರು ಕೇಳುತ್ತಿರುವುದು ಬೇರೆ ಏನನ್ನೋ.

ಸಂಬಳದಲ್ಲೂ ಜನ ನೋಡುವುದು ಮೊತ್ತಕ್ಕಿಂತ ಪಕ್ಕದವನಿಗೆ ಎಷ್ಟು ಅನ್ನುವುದನ್ನು. ಮನಶ್ಶಾಸ್ತ್ರಜ್ಞ ಸ್ಟೇಸಿ ಆಡಮ್ಸ್ 1963ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಬರೆದರು. ಬೆಂಗಳೂರಿಗೆ ಅದು ತುಂಬಾ ಚೆನ್ನಾಗಿ ಗೊತ್ತು. 1980ರ ಡಿಸೆಂಬರ್‌ನಲ್ಲಿ ಇಲ್ಲಿನ ಸರ್ಕಾರಿ ಕಾರ್ಖಾನೆಗಳಲ್ಲಿ, ಅಂದರೆ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ನಲ್ಲಿ, ಶುರುವಾದ ಮುಷ್ಕರ 77 ದಿನ ನಡೆಯಿತು. ಆ ಕಾಲದಲ್ಲಿ ಅವು ಊರಿನಲ್ಲೇ ಒಳ್ಳೆಯ ಕೆಲಸಗಳು. ಕ್ವಾರ್ಟರ್ಸ್, ಬಸ್ಸು, ಕ್ಯಾಂಟೀನು, ಶಾಲೆ ಎಲ್ಲ ಇದ್ದವು. ಮುಖ್ಯ ಬೇಡಿಕೆ ಏನು ಗೊತ್ತಾ? ಇನ್ನೊಂದು ಸರ್ಕಾರಿ ಕಂಪನಿಯಾದ ಬಿಎಚ್‌ಇಎಲ್‌ನವರಿಗೆ ಸಿಗುವ ಸಂಬಳಕ್ಕೆ ನಮ್ಮದು ಸಮ ಆಗಬೇಕು ಅನ್ನುವುದು.

ನಿಮ್ಮ ಟೀಮಿನಲ್ಲೂ ಇದೇ ನಡೆಯುತ್ತಿರುತ್ತದೆ. ಐದು ವರ್ಷದಿಂದ ಇರುವವರಿಗಿಂತ ಹೋದ ತಿಂಗಳು ಬಂದವರ ಪ್ಯಾಕೇಜ್ ಜಾಸ್ತಿ ಇರುತ್ತದೆ. ಆ ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರೇ. ಇದು ಗುಟ್ಟಾಗಿ ಉಳಿಯುತ್ತದೆ ಅಂತ ಎಚ್‌ಆರ್‌ನವರು ಅಂದುಕೊಂಡಿರುತ್ತಾರೆ. ಒಂದು ವಾರಕ್ಕಿಂತ ಜಾಸ್ತಿ ಉಳಿದದ್ದನ್ನು ನಾನು ನೋಡಿಲ್ಲ. ಇದನ್ನು ಸರಿಪಡಿಸುವ ಅಧಿಕಾರ ನಿಮಗಿಲ್ಲ, ಗೊತ್ತು. ಆದರೆ ‘ಸಂಬಳದ ವಿಷಯ ಮಾತಾಡಬೇಡಿ’ ಅಂತ ಬಾಯಿ ಮುಚ್ಚಿಸಬೇಡಿ. ‘ಮಾರ್ಕೆಟ್ ರೇಟಿನಿಂದ ಹೀಗಾಗಿದೆ, ಇದು ನಿಮಗೆ ಅನ್ಯಾಯ ಅನ್ನಿಸುವುದು ಸಹಜ, ಈ ಸಲದ ಹೈಕ್‌ನಲ್ಲಿ ನಾನು ಇಷ್ಟನ್ನು ಕೇಳುತ್ತೇನೆ’ ಅಂತ ಹೇಳಿ. ಹೇಳಿದ ಮೇಲೆ ನಿಜಕ್ಕೂ ಮೇಲಿನವರನ್ನು ಕೇಳಿ.

ವರ್ಷದ ಕೆಲಸಕ್ಕೆ ಕೊಡುವ ಅಂಕ, ಅಂದರೆ ರೇಟಿಂಗ್, ಹೇಳುವ ದಿನದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಟೀಮ್ ಲೀಡ್ ಮೇಲಿನ ದೂರು ಹುಟ್ಟುವುದು ಹೆಚ್ಚಾಗಿ ಅಲ್ಲೇ. ಸಣ್ಣ ಮೀಟಿಂಗ್ ರೂಮು, ಎದುರಿಗೆ ಲ್ಯಾಪ್‌ಟಾಪ್. ಹುಡುಗ ವರ್ಷವೆಲ್ಲ ರಾತ್ರಿ ಕಾಲ್ ತೆಗೆದುಕೊಂಡಿದ್ದಾನೆ, ನಾಲ್ಕು ನಿರೀಕ್ಷೆ ಮಾಡಿದ್ದಾನೆ. ಬಂದಿರುವುದು ಮೂರು. ಲೀಡ್ ಆದವರು ಧ್ವನಿ ತಗ್ಗಿಸಿ, ‘ನೋಡಪ್ಪಾ, ನಾನು ನಾಲ್ಕೇ ಕೊಟ್ಟಿದ್ದೆ. ಮೇಲಿನವರು ಬೆಲ್ ಕರ್ವ್ ಅಂತ ಹೇಳಿ ಮೂರು ಮಾಡಿದರು’ ಅನ್ನುತ್ತಾರೆ. ಬೆಲ್ ಕರ್ವ್ ಅಂದರೆ ಯಾವ ಅಂಕ ಎಷ್ಟು ಜನಕ್ಕೆ ಅಂತ ಮೊದಲೇ ಗೊತ್ತು ಮಾಡಿದ ಹಂಚಿಕೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು. ಆ ಹುಡುಗ ರೂಮಿನಿಂದ ಹೊರಗೆ ಬರುವಾಗ ಏನು ತಿಳಿದುಕೊಂಡು ಬರುತ್ತಾನೆ? ಕೆಲಸ ಮಾಡುವುದಕ್ಕೂ ರೇಟಿಂಗಿಗೂ ಸಂಬಂಧವಿಲ್ಲ. ತನ್ನ ಲೀಡ್ ಮಾತಿಗೆ ಮೇಲೆ ಬೆಲೆಯಿಲ್ಲ. ಯಾರ ಹತ್ರ ಕೇಳಬೇಕೋ ಅವರು ಯಾರೆಂದೇ ಗೊತ್ತಿಲ್ಲ. ಇನ್ನು ಅವನು ಕೇಳುವುದು ಯಾರನ್ನು? ನೇರವಾಗಿ ಪ್ಯಾಂಟ್ರಿಗೆ ಹೋಗುತ್ತಾನೆ.

ಮೂರು ಅನ್ನುವುದು ಅಷ್ಟು ಕೆಟ್ಟ ಸುದ್ದಿಯಲ್ಲ. ಅದಕ್ಕೆ ಲೆಕ್ಕ ಸಿಗದಿರುವುದು ಕೆಟ್ಟದ್ದು. ಕೆಲಸದ ಜಾಗದ ನ್ಯಾಯದ ಬಗ್ಗೆ ಸಂಶೋಧನೆ ಮಾಡಿದವರು ಮತ್ತೆ ಮತ್ತೆ ಕಂಡಿರುವುದು ಇದನ್ನೇ. ಸಿಕ್ಕಿದ್ದು ಕಡಿಮೆಯಾದರೂ, ತೀರ್ಮಾನ ಮಾಡಿದ ರೀತಿ ಸರಿ ಅನ್ನಿಸಿದರೆ, ತಮ್ಮ ಮಾತನ್ನೂ ಕೇಳಿದ್ದಾರೆ ಅನ್ನಿಸಿದರೆ, ಜನ ಅದನ್ನು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಮೂರು ಅಂತ ಹೇಳಬೇಕಾದರೆ ನಿಮ್ಮ ಬಾಯಿಂದ ನಿಮ್ಮದೇ ತೀರ್ಮಾನ ಅನ್ನುವ ಹಾಗೆ ಹೇಳಿ. ಯಾವ ಕೆಲಸಕ್ಕೆ ಅಂಕ ಬಂತು, ಯಾವುದಕ್ಕೆ ಬರಲಿಲ್ಲ, ನಾಲ್ಕು ಬಂದವರು ಏನು ಜಾಸ್ತಿ ಮಾಡಿದರು ಅನ್ನುವುದನ್ನು ಹೆಸರಿಲ್ಲದೆ ವಿವರಿಸಿ. ಮೇಲಿನವರು ನಿಜಕ್ಕೂ ಕಾರಣವಿಲ್ಲದೆ ಇಳಿಸಿದ್ದರೆ ಆ ಜಗಳ ನಿಮ್ಮದು. ಆ ಹುಡುಗನ ಮುಂದೆ ಅದನ್ನು ಬಿಚ್ಚಿಟ್ಟು ಕೈ ತೊಳೆದುಕೊಳ್ಳಬೇಡಿ.

ಎಸಿ, ಕ್ಯಾಬ್, ಮೀಟಿಂಗ್ ದೂರುಗಳನ್ನೂ ಸುಳ್ಳು ಅಂತ ತಳ್ಳಿಹಾಕಬೇಡಿ. ಅವುಗಳಲ್ಲಿ ಒಂದು ನಿಜವಾದ ವಿಷಯವಿದೆ, ಅದು ಹಿಡಿತ. ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು: ಕೆಲಸದ ಒತ್ತಡ ಜಾಸ್ತಿಯಿದ್ದು, ಅದರ ಮೇಲೆ ನಮ್ಮ ಹಿಡಿತ ಕಡಿಮೆಯಿದ್ದರೆ, ಮನುಷ್ಯ ಕುಗ್ಗುತ್ತಾನೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಮೈಕೆಲ್ ಮಾರ್ಮಟ್ ಮತ್ತು ತಂಡದವರು ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನಗಳಲ್ಲೂ ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಜಾಸ್ತಿ ಕಂಡಿತು. ಇದು ಬರೀ ಮೂಡಿನ ವಿಷಯವಲ್ಲ ಅನ್ನುವುದಕ್ಕೆ ಹೇಳಿದೆ.

ಬೆಂಗಳೂರಿನಲ್ಲಿ ಹಿಡಿತ ತಪ್ಪುವುದು ಮನೆ ಬಿಟ್ಟ ಕೂಡಲೇ. ಊರೂರಿನ ಟ್ರಾಫಿಕ್ ಲೆಕ್ಕ ಹಾಕುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ ಬೇಕಿತ್ತು. ಅದು ಸರಾಸರಿ. ಬೆಳಿಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡಿಗೆ ಇಳಿಯುವವರ ಕಥೆ ನಿಮಗೇ ಗೊತ್ತು. ಅಷ್ಟೆಲ್ಲ ಆಗಿ ಬಂದವರು ಒಂಬತ್ತೂವರೆಯ ಸ್ಟ್ಯಾಂಡಪ್‌ಗೆ, ಅಂದರೆ ದಿನಾ ನಡೆಯುವ ಸಣ್ಣ ಮೀಟಿಂಗಿಗೆ, ಐದು ನಿಮಿಷ ತಡವಾಗಿ ತಲೆ ತಗ್ಗಿಸಿ ನುಗ್ಗಬೇಕು. ಆ ಸ್ಟ್ಯಾಂಡಪ್ ಒಂಬತ್ತೂವರೆಗೇ ಯಾಕೆ? ಕ್ಲೈಂಟ್ ಕಡೆಯಿಂದ ಕಾರಣವಿದ್ದರೆ ಅದನ್ನು ಹೇಳಿ. ಇಲ್ಲದಿದ್ದರೆ ಹನ್ನೊಂದಕ್ಕೆ ಹಾಕಿ, ಅಥವಾ ಅವರೇ ಸಮಯ ಆರಿಸಿಕೊಳ್ಳಲಿ. ಸಂಬಳ ನಿಮ್ಮ ಕೈಯಲ್ಲಿಲ್ಲ, ರಸ್ತೆಯೂ ಇಲ್ಲ. ಇದು ನಿಮ್ಮ ಕೈಯಲ್ಲಿದೆ.

ಬೆನ್ನ ಹಿಂದೆ ಮಾತಾಡುವುದಕ್ಕೆ ಬರೋಣ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಸರಿಯಿಲ್ಲ ಅನ್ನಿಸಿದವರಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ಬಾಯಿ ಬಿಟ್ಟು ಹೇಳುವುದು. ನಿಮ್ಮ ಟೀಮಿನವರಿಗೆ ಎರಡೂ ದುಬಾರಿ. ಬಿಡಬೇಕೆಂದರೆ ಮೂರು ತಿಂಗಳ ನೋಟಿಸ್ ಪೀರಿಯಡ್, ಫ್ಲ್ಯಾಟಿನ ಇಎಂಐ, ಎಕ್ಸ್‌ಪೀರಿಯನ್ಸ್ ಲೆಟರಿನ ಚಿಂತೆ. ಹೇಳಬೇಕೆಂದರೆ ರೇಟಿಂಗ್ ನಿಮ್ಮ ಕೈಯಲ್ಲಿದೆ. ಅದರ ಮೇಲೆ, ದೊಡ್ಡವರಿಗೆ ಎದುರುತ್ತರ ಕೊಡಬಾರದು ಅಂತ ಮನೆಯಲ್ಲೂ ಶಾಲೆಯಲ್ಲೂ ಕೇಳಿಕೊಂಡೇ ಬೆಳೆದವರು ನಾವು. ಉಳಿಯುವ ಜಾಗ ಪ್ಯಾಂಟ್ರಿ ಮತ್ತು ವಾಟ್ಸಾಪ್. ಆ ಗ್ರೂಪಿಗೆ ನಿಮ್ಮನ್ನು ಸೇರಿಸಿ ಅಂತ ಕೇಳಬೇಡಿ. ಅಲ್ಲಿ ಏನು ನಡೆಯುತ್ತದೆ ಅಂತ ಯಾರ ಮೂಲಕವೂ ವಿಚಾರಿಸಬೇಡಿ. ಒಂದೇ ಸಂಗತಿಯನ್ನು ಇಷ್ಟಪಡದವರು ಬೇಗ ಹತ್ತಿರವಾಗುತ್ತಾರೆ. ಹೊಸಬರು ಟೀಮಿಗೆ ಒಗ್ಗಿಕೊಳ್ಳುವುದೂ ಎಷ್ಟೋ ಸಲ ಹಾಗೆಯೇ. ನೀವೂ ಎರಡು ವರ್ಷದ ಹಿಂದೆ ನಿಮ್ಮ ಲೀಡ್ ಬಗ್ಗೆ ಊಟದ ಹೊತ್ತಿನಲ್ಲಿ ಮಾತಾಡಿರುತ್ತೀರಿ. ಈಗ ಆ ಜಾಗದಲ್ಲಿ ನೀವಿದ್ದೀರಿ. ನೋವಾಗುತ್ತದೆ, ಆದರೆ ಅದು ನಿಮ್ಮ ಸ್ವಭಾವದ ಮೇಲಿನ ತೀರ್ಪಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಬೆಂಗಳೂರಿನ ಟೀಮುಗಳಲ್ಲಿ ಇದು ನನ್ನ ಕಿವಿಗೆ ತುಂಬಾ ಬೀಳುತ್ತದೆ, ಕಾಗದದ ಮೇಲೆ ಮಾತ್ರ ಬರುವುದೇ ಇಲ್ಲ. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆಮೇಲೆ ಚಹಾಕ್ಕೆ ಇಳಿದಾಗ ಲೀಡ್ ಮತ್ತು ನಾಲ್ಕು ಜನ ತಮ್ಮ ಭಾಷೆಯಲ್ಲಿ ಮಾತು ಮುಂದುವರಿಸುತ್ತಾರೆ. ಮೇಲೆ ಬರುವಷ್ಟರಲ್ಲಿ ಯಾರು ಯಾವ ಕೆಲಸ ಮಾಡಬೇಕು ಅಂತ ನಿರ್ಧಾರವಾಗಿರುತ್ತದೆ. ಆ ಭಾಷೆ ಹಿಂದಿ ಆಗಿರಬಹುದು, ತೆಲುಗು ಆಗಿರಬಹುದು, ಕನ್ನಡವೂ ಆಗಿರಬಹುದು. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಉಳಿದವರ ಪಾಲಿಗೆ ಮಾತ್ರ ‘ಅದು ಅವರವರ ಗುಂಪು’ ಆಗಿಬಿಡುತ್ತದೆ. ನೀವು ಕನ್ನಡದವರು, ಟೀಮಿನಲ್ಲಿ ಬೇರೆಯವರೂ ಇರುತ್ತಾರೆ. ಚಹಾದ ಹೊತ್ತಿನಲ್ಲಿ ಏನಾದರೂ ತೀರ್ಮಾನವಾದರೆ ಮೇಲೆ ಬಂದು ಎಲ್ಲರಿಗೂ ಗೊತ್ತಾಗುವ ಹಾಗೆ ಎರಡು ಸಾಲು ಬರೆದು ಹಾಕಿ. ಸಣ್ಣ ಕೆಲಸ, ಪರಿಣಾಮ ದೊಡ್ಡದು.

ಇಲ್ಲಿವರೆಗೆ ಬರೆದದ್ದನ್ನು ಓದಿ ಎಲ್ಲ ದೂರನ್ನೂ ‘ಒಳಗಿನ ನೋವು’ ಅಂತ ತಿಳಿಯಬೇಡಿ. ಕೆಲವು ದೂರುಗಳಿಗೆ ಒಳಗು ಹೊರಗು ಇರುವುದಿಲ್ಲ. ಸಂಬಳ ಬಂದಿಲ್ಲ ಅಂದರೆ ಸಂಬಳ ಬಂದಿಲ್ಲ ಅಂತಲೇ ಅರ್ಥ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸಗಾರರು ದಾಂಧಲೆ ಮಾಡಿದ್ದು ನಿಮಗೆ ನೆನಪಿರಬಹುದು. ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಆಮೇಲೆ ಆಪಲ್ ಸಂಸ್ಥೆಯೇ ಹೇಳಿತು: ಅಲ್ಲಿ ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು. ಅದೇ ರೀತಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ನಿಯಮದ ವಿರುದ್ಧ. ಕೇಂದ್ರ ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಕೆಲಸ ಬಿಟ್ಟಾಗ ಕೈಗೆ ಬರುವ ಉಳಿತಾಯ ಅವರಲ್ಲಿ ಎಷ್ಟೋ ಜನಕ್ಕೆ ಅದೊಂದೇ. ಅವರನ್ನು ಕೇಳಿ ಮಾಡಿದ ನಿಯಮವಾಗಿರಲಿಲ್ಲ ಅದು.

ಹಾಗಾಗಿ ಸಂಬಳ, ಪಿಎಫ್, ಓವರ್‌ಟೈಮ್, ರಜೆ ಕಡಿತದ ದೂರು ಬಂದರೆ ಸಮಾಧಾನ ಹೇಳಲು ಹೋಗಬೇಡಿ. ಕಾಗದದಲ್ಲಿ ಬರೆಸಿಕೊಂಡು ಮುಂದಕ್ಕೆ ಕಳಿಸಿ. ಲೈಂಗಿಕ ಕಿರುಕುಳದ ದೂರಾದರೆ ಸಂಧಾನ ಮಾಡಿಸುವ ಹಕ್ಕೇ ನಿಮಗಿಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಗಡುವಿದೆ. ‘ನೋಡೋಣ, ಮಾತಾಡುತ್ತೇನೆ’ ಅಂತ ನೀವು ತಡ ಮಾಡಿದ ದಿನಗಳು ಆ ಹೆಣ್ಣುಮಗಳ ಲೆಕ್ಕದಿಂದ ಹೋಗುತ್ತವೆ.

ಉಳಿದ ಅಹವಾಲುಗಳಿಗೂ ದಾರಿಯಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು ಅನ್ನುತ್ತದೆ. ಆಡಳಿತದವರು ಮತ್ತು ಕೆಲಸಗಾರರು ಸಮ ಸಂಖ್ಯೆಯಲ್ಲಿರಬೇಕು. ದೂರು ಬಂದ 30 ದಿನದೊಳಗೆ ಮುಗಿಸಬೇಕು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾನೂನಿನಿಂದ 2014ರಲ್ಲಿ ವಿನಾಯಿತಿ ಕೊಟ್ಟಾಗಲೂ ಇಂಥ ಸಮಿತಿ ಇರಬೇಕೆಂಬ ಷರತ್ತು ಹಾಕಲಾಗಿತ್ತು. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನಿಮ್ಮ ಟೀಮಿಗಂತೂ ಗೊತ್ತಿರುವುದಿಲ್ಲ. ಎಚ್‌ಆರ್ ಹತ್ರ ಕೇಳಿ ತಿಳಿದುಕೊಂಡು ಎಲ್ಲರಿಗೂ ಹೇಳಿ.

ಅಭ್ಯಾಸದಿಂದ ಗೊಣಗುವವರೂ ಒಬ್ಬಿಬ್ಬರು ಇರುತ್ತಾರೆ, ನಿಜ. ಅವರ ಮೇಲೆ ಜಾಸ್ತಿ ಯೋಚನೆ ಖರ್ಚು ಮಾಡಬೇಡಿ. ಮೊದಲು ಚೆನ್ನಾಗಿ ವಾದ ಮಾಡುತ್ತಿದ್ದು ಈಗ ಎಲ್ಲಕ್ಕೂ ‘ಓಕೆ’ ಅನ್ನುತ್ತಿರುವವರು ಯಾರು ಅಂತ ನೋಡಿ. ಅವರು ಮನಸ್ಸಿನಲ್ಲಿ ಆಗಲೇ ರೆಸ್ಯೂಮೆ ತಿದ್ದುತ್ತಿರಬಹುದು.

ಮಾತಾಡಿಸುವುದು ಹೇಗೆ ಅಂತ ಕೇಳಬಹುದು. ‘ಏನಾದರೂ ಪ್ರಾಬ್ಲಂ ಇದೆಯಾ?’ ಅಂತ ಕೇಳಿದರೆ ‘ಏನಿಲ್ಲ’ ಅನ್ನುವ ಉತ್ತರವೇ ಬರುತ್ತದೆ. ಅದರ ಬದಲು ಒಂದು ನಿರ್ದಿಷ್ಟ ಸಂಗತಿ ಹಿಡಿದು ಕೇಳಿ. ‘ಹೋದ ರಿಲೀಸ್‌ನಲ್ಲಿ ಶನಿವಾರ ಯಾರು ಬರಬೇಕು ಅಂತ ನಾನು ತೀರ್ಮಾನ ಮಾಡಿದೆನಲ್ಲ, ಅದು ಹೇಗೆ ಅನ್ನಿಸಿತು?’ ಅಂತ ಒಬ್ಬೊಬ್ಬರನ್ನೇ ಕೇಳಿ. ಸುಮ್ನೆ ಕೇಳಿಸಿಕೊಳ್ಳಿ, ಮಧ್ಯದಲ್ಲಿ ಸಮಜಾಯಿಷಿ ಕೊಡಬೇಡಿ. ಮೊದಲ ಸಲ ಏನೂ ಬರದೇ ಇರಬಹುದು. ಯಾರಾದರೂ ಒಬ್ಬರು ಧೈರ್ಯ ಮಾಡಿ ಹೇಳಿದರೆ, ಉಳಿದ ಹದಿಮೂರು ಜನ ಅವರಿಗೆ ಏನಾಗುತ್ತದೆ ಅಂತ ಕಾದು ನೋಡುತ್ತಾರೆ. ಹೇಳಿದ್ದನ್ನು ಮಾಡಲು ಆಗದಿದ್ದರೂ ಒಂದು ವಾರದೊಳಗೆ ವಾಪಸ್ ಹೋಗಿ, ‘ಕೇಳಿದೆ, ಆಗಲಿಲ್ಲ, ಕಾರಣ ಇದು’ ಅಂತ ಹೇಳಿ. ಆಗುವುದಿಲ್ಲ ಅನ್ನುವ ಉತ್ತರವನ್ನು ಜನ ತಾಳಿಕೊಳ್ಳುತ್ತಾರೆ. ಉತ್ತರವೇ ಬಾರದಿರುವುದನ್ನು ತಾಳುವುದಿಲ್ಲ.

ಕೊನೆಗೆ, ನಿಮಗೂ ಒಬ್ಬ ಮ್ಯಾನೇಜರ್ ಇದ್ದಾರೆ. ಈ ವರ್ಷದ ರೇಟಿಂಗ್ ಹಂಚಿಕೆ ಹೇಗೆ ಆಗುತ್ತದೆ, ನಿಮ್ಮ ಟೀಮಿಗೆ ಎಷ್ಟು ನಾಲ್ಕು ಸಿಗಬಹುದು, ನೀವು ಕೊಟ್ಟದ್ದನ್ನು ಇಳಿಸಿದರೆ ನಿಮಗೆ ಮೊದಲೇ ತಿಳಿಸುತ್ತಾರಾ ಅಂತ ಅವರನ್ನು ಈಗಲೇ ಕೇಳಿ. ಅಪ್ರೈಸಲ್ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಮೇಲ್‌ನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಅಲ್ಲಿಂದ ಬಂದ ಉತ್ತರದಲ್ಲಿ ಟೀಮಿಗೆ ಹೇಳಬಹುದಾದಷ್ಟನ್ನು ರೇಟಿಂಗ್ ಬರುವುದಕ್ಕೆ ಮುಂಚೆಯೇ ಹೇಳಿಬಿಡಿ.